ಒಡೆದು ಬಂದ ಲಕೋಟೆ

2011ರ ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ನಮ್ಮ ಮನೆಗೆ ಒಂದು ರಿಜಿಸ್ಟರ್ಡ್ ಲಕೋಟೆ ಬಂತು. ನಾನು ಶಾಲೆಯಲ್ಲಿದ್ದೆ. ಮಗಳು ಸಹಿ ಹಾಕಿ ತೆಗೆದುಕೊಂಡಿದ್ದಳು. ಸಂಜೆ ನಾನು ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದ ಹಾಗೆಯೇ, "ಅಮ್ಮಾ, ಮಾವ ಏನೋ ಕಳಿಸಿದಾರೆ, ಆದ್ರೆ ಒಡೆದುಹೋಗಿದೆ" ಎಂದಳು.

ಮಾವ ಎಂದರೆ ನನ್ನ ಅಣ್ಣ. ತಿಪಟೂರಿನ ಕಡೆ ನಮ್ಮ ತವರು. ಅಮ್ಮ ಹೋದ ಮೇಲೆ ಮನೆ, ತೋಟದ ಪಾಲಿನ ಮಾತು ಬಂದು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ನಾನು ಒಪ್ಪದೆ, ಅಣ್ಣ ತಂಗಿಯ ನಡುವೆ ಆರು ವರ್ಷ ಮಾತಿರಲಿಲ್ಲ. ಅದಕ್ಕೂ ಮುಂಚೆ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅವನಿಂದ ಮನಿ ಆರ್ಡರ್ ಬರುತ್ತಿತ್ತು. ಮೊದಮೊದಲು 25 ರೂಪಾಯಿ, ಆಮೇಲೆ 50, ಆಮೇಲೆ 100. ಫಾರಂನ ಕೆಳಗಿನ ಚಿಕ್ಕ ಜಾಗದಲ್ಲಿ "ಅರಿಶಿನ ಕುಂಕುಮಕ್ಕೆ" ಎಂದು ಒಂದೇ ಮಾತು. ಆ ತುಂಡು ಕಾಗದವನ್ನು ಹರಿದು ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟಾಗ ಹಣಕ್ಕಿಂತ ಅದನ್ನೇ ಮೊದಲು ಓದುತ್ತಿದ್ದೆವು. ನಿಮ್ಮಲ್ಲಿ ಅನೇಕರಿಗೆ ಇದು ನೆನಪಿರಬಹುದು.

ಆ ಸಲ ಬಂದ ಲಕೋಟೆಯ ಒಂದು ಅಂಚು ಉದ್ದಕ್ಕೂ ಸೀಳಿತ್ತು. ಅದರ ಮೇಲೆ ಸಾಧಾರಣ ಗಮ್ ಟೇಪು. ಒಳಗೆ ಹಸಿರು ರವಿಕೆ ಕಣ, ಒಡೆದ ಕುಂಕುಮದ ಪೊಟ್ಟಣ. ವಿಳಾಸ ಅಣ್ಣನ ಕೈಬರಹ. ಕಾಗದವೇ ಇರಲಿಲ್ಲ. ಹಣ ಇಟ್ಟಿದ್ದನೋ ಇಲ್ಲವೋ, ಅದು ಬೇರೆ ಮಾತು. ಆರು ವರ್ಷದ ಮೇಲೆ ಕಳಿಸಿದವನು ಎರಡು ಸಾಲಾದರೂ ಬರೆಯದೆ ಇರುತ್ತಾನೆಯೇ? ಅಂಟಿಸಿದ್ದ ಸ್ಟಾಂಪಿನ ಲೆಕ್ಕಕ್ಕೂ ಕೈಯಲ್ಲಿದ್ದ ತೂಕಕ್ಕೂ ಹೊಂದುತ್ತಿರಲಿಲ್ಲ. ದಿನಸಿ ಅಂಗಡಿಯವರ ತಕ್ಕಡಿಯಲ್ಲಿ ಇಟ್ಟೂ ನೋಡಿದೆ.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಕೇಳಲು ಹೋದೆ. ಯಾವ ಕಚೇರಿ ಎನ್ನುವುದು ಇಲ್ಲಿ ಬೇಡ. ಒಂದು ಲಕೋಟೆ ತಿಪಟೂರಿನ ಕಡೆಯಿಂದ ಬೆಂಗಳೂರಿಗೆ ಬರಲು ಎಷ್ಟು ಚೀಲ, ಎಷ್ಟು ಕೈ ದಾಟಬೇಕೋ, ಯಾವ ಕೈಯಲ್ಲಿ ಏನಾಯಿತೋ ಹೇಳುವವರು ಯಾರು? ಕೌಂಟರಿನಲ್ಲಿದ್ದವರು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಸಹಿ ಹಾಕಿ ತಗೊಂಡಿದ್ದೀರಲ್ಲ ಮೇಡಂ" ಎಂದರು. ಅಷ್ಟೇ. ಲಿಖಿತ ದೂರು ಕೊಟ್ಟೆ. ವಿಚಾರಣೆಯಲ್ಲಿದೆ ಎಂದು ಒಂದು ಅಚ್ಚಾದ ಪತ್ರ ಬಂತು. ಆಮೇಲೆ ಏನೂ ಬರಲಿಲ್ಲ. ರಿಜಿಸ್ಟರ್ಡ್ ಲಕೋಟೆ ಪೂರ್ತಿ ಕಳೆದುಹೋಗಿದ್ದರೆ 100 ರೂಪಾಯಿ ಪರಿಹಾರವಂತೆ. ನನ್ನದು ಕಳೆದಿರಲಿಲ್ಲ, ಕೈಗೆ ಬಂದಿತ್ತು. ಒಡೆದ ಹಾಗೆ ಕಂಡ ಲಕೋಟೆಯನ್ನು ಅಂಚೆಯ ಅಧಿಕಾರಿಯ ಎದುರಿಗೇ ಬಿಚ್ಚಿಸಿ, ಒಳಗೆ ಏನಿದೆ ಎಂದು ಬರೆಸಿಕೊಂಡು ಆಮೇಲೆ ಸಹಿ ಹಾಕಬೇಕು ಎನ್ನುವ ಬುದ್ಧಿ ನನಗೆ ಬಂದದ್ದು ತಡವಾಗಿ. ಹಕ್ಕು ಬಿಡುಗಡೆಗೆ ಸಹಿ ಹಾಕದೆ ಅಣ್ಣನನ್ನು ಕಳೆದುಕೊಂಡೆ, ಮಗಳು ಸಹಿ ಹಾಕಿದ್ದರಿಂದ ಅವನ ಕಾಗದವನ್ನು ಕಳೆದುಕೊಂಡೆ ಎಂದು ಆ ದಿನ ಬಸ್ಸಿನಲ್ಲಿ ಕೂತು ಅಳು ಬಂತು.

ಆ ವಾರವೇ ತರಗತಿಯಲ್ಲಿ ಮೈಸೂರು ಒಡೆಯರ ಪಾಠ. ಚಿಕ್ಕದೇವರಾಜ ಒಡೆಯರು, ಆಳ್ವಿಕೆ 1673ರಿಂದ 1704, ನವಕೋಟಿ ನಾರಾಯಣ ಎಂಬ ಬಿರುದು, ಅಠಾರಾ ಕಚೇರಿ, ಅಂಚೆ ವ್ಯವಸ್ಥೆ. ಇದನ್ನು ಎಷ್ಟು ವರ್ಷ ಪಾಠ ಮಾಡಿದ್ದೆನೋ! ಮಕ್ಕಳು ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಳ್ಳುತ್ತಿದ್ದರು. ಆ ದಿನ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, "ಮಿಸ್, ರಾಜರು ಯಾರಿಗೆ ಕಾಗದ ಬರೀತಿದ್ರು?" ಎಂದು ಕೇಳಿಬಿಟ್ಟಳು. ನನಗೆ ಉತ್ತರ ತಿಳಿದಿರಲಿಲ್ಲ. ನೋಡಿ ಹೇಳುತ್ತೇನೆ ಎಂದೆ. ಹಾಗೆ ನೋಡಹೊರಟವಳು ಇನ್ನೂ ನೋಡುತ್ತಲೇ ಇದ್ದೇನೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಈ ಸೀಮೆಯ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದಿದ್ದಾರೆ. ಮೊದಲನೆಯದು 1810ರಲ್ಲಿ, ಉಳಿದೆರಡು 1817ರಲ್ಲಿ ಅಚ್ಚಾದವು. ಚಿಕ್ಕದೇವರಾಜರ ಅಂಚೆಯ ಬಗ್ಗೆ ಅವರು ಹೇಳುವ ಮಾತು ನಮ್ಮ ಪಠ್ಯಪುಸ್ತಕದಲ್ಲಿಲ್ಲ. ಆ ಅಂಚೆ ಸುದ್ದಿಯನ್ನು ಮುಟ್ಟಿಸುವುದಕ್ಕೆ ಮಾತ್ರವಲ್ಲ, ಸುದ್ದಿಯನ್ನು ಹಿಡಿಯುವುದಕ್ಕೂ ಇತ್ತು. ಊರೂರಿನ ಅಂಚೆಯ ಮುಖ್ಯಸ್ಥ ಅರಮನೆಯ ಗುಟ್ಟಿನ ಮನುಷ್ಯ. ಅವನ ಕೈಕೆಳಗಿನ ಆಳುಗಳು ಗೂಢಚಾರರು. ಯಾರ ಮನೆಯಲ್ಲಿ ಏನು ಗುಟ್ಟು ನಡೆಯುತ್ತಿದೆ ಎಂಬ ವರದಿ ಅಂಚೆಯ ಜೊತೆಯಲ್ಲಿಯೇ ರಾಜಧಾನಿಗೆ ಓಡುತ್ತಿತ್ತು. ಹೈದರಾಲಿಯ ಕಾಲಕ್ಕೆ ಈ ಏರ್ಪಾಡು ಇನ್ನಷ್ಟು ಬಿಗಿಯಾಯಿತು.

ವಿಲ್ಕ್ಸ್ ಕಂಪನಿಯ ಮನುಷ್ಯ, ನಮ್ಮ ಅರಸರ ಬಗ್ಗೆ ಬರೆಯುವಾಗ ಒಂದು ಹಿಡಿ ಖಾರ ಹೆಚ್ಚೇ ಹಾಕಿರಬಹುದು. ಆದರೂ ಓದಿದಾಗ ನನಗೆ ಏನೋ ಒಂದು ಹೊಳೆದ ಹಾಗಾಯಿತು. ಅಂಚೆ ಎಂದರೆ ನಮ್ಮ ಕಾಗದ ತರುವುದಕ್ಕೆಂದೇ ಹುಟ್ಟಿದ್ದು, ಆಗೀಗ ಯಾರೋ ಕೆಟ್ಟವರು ಅದನ್ನು ಒಡೆಯುತ್ತಾರೆ ಎಂದುಕೊಂಡಿದ್ದೆ. ನಮ್ಮ ನಾಡಿನಲ್ಲಿ ಆದದ್ದು ತಿರುಗುಮುರುಗು. ಅಂಚೆ ಹುಟ್ಟಿದ್ದೇ ಅರಸನ ಕಿವಿಯಾಗಿ. ನಮ್ಮ ನಿಮ್ಮ ಕಾಗದಗಳು ಅದರ ಚೀಲ ಸೇರಿದ್ದು ಎಷ್ಟೋ ಆಮೇಲೆ. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ದಮಯಂತಿಯ ಬಳಿಗೆ ನಳನ ಸುದ್ದಿ ತಂದ ಹಂಸವನ್ನು ನೆನೆದು ಮಕ್ಕಳಿಗೆ ಆ ಮಾತು ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ, ಆದರೆ ಮೊದಲಿನ ಉತ್ಸಾಹ ಇಲ್ಲ.

ಈ ಕಿವಿಗೆ ಬೀಳದ ಹಾಗೆ ಮಾತು ಕಳಿಸಿದ ಒಬ್ಬ ಹೆಂಗಸಿನ ಕತೆ ಮಾತ್ರ ನನಗೆ ಬಹಳ ಇಷ್ಟ. ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಲಕ್ಷ್ಮಮ್ಮಣ್ಣಿ. ಗಂಡ 1766ರಲ್ಲಿ ತೀರಿಕೊಂಡರು. ರಾಜ್ಯವೆಲ್ಲ ಹೈದರಾಲಿಯ ಕೈಯಲ್ಲಿ. ಶ್ರೀರಂಗಪಟ್ಟಣದ ಅರಮನೆಯ ಸುತ್ತ ಕಾವಲು. ಆ ಕಾವಲಿನೊಳಗೆ ಕೂತು ಈಕೆ ಮದರಾಸಿನ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸಿದರು. ಆಕೆಯ ಪರವಾಗಿ ಓಡಾಡಿದವರು ಪ್ರಧಾನರೆಂದು ಹೆಸರಾದ ತಿರುಮಲರಾವ್ ಮತ್ತು ನಾರಾಯಣರಾವ್ ಎಂಬ ಅಣ್ಣತಮ್ಮಂದಿರು. 1782ರ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ ರಾಣಿಯ ಪರವಾಗಿ ತಿರುಮಲರಾವ್, ಕಂಪನಿಯ ಪರವಾಗಿ ಅಲ್ಲಿನ ರೆಸಿಡೆಂಟ್ ಜಾನ್ ಸುಲಿವನ್ ಒಪ್ಪಂದ ಮಾಡಿಕೊಂಡರು. ಅದಕ್ಕೆ ರಾಣಿ ಒಪ್ಪಂದ ಎಂದೇ ಹೆಸರು. ಸೀಮೆಯ ಅಂಚೆಯಾಳುಗಳೆಲ್ಲ ಅರಮನೆಯ ಕಣ್ಣು ಕಿವಿಗಳಾಗಿದ್ದ ಕಾಲದಲ್ಲಿ ಒಬ್ಬ ವಿಧವೆ ರಾಣಿಯ ಮಾತು ಶ್ರೀರಂಗಪಟ್ಟಣದಿಂದ ತಂಜಾವೂರು ಮುಟ್ಟಿತು ಎಂದರೆ! ಅವರ ರಾಜಕೀಯ ಸರಿಯೋ ತಪ್ಪೋ ಎಂದು ವಾದ ಮಾಡುವವರು ಮಾಡಲಿ. ನಾನು ಆ ಮಾತು ಹೊತ್ತು ನಡೆದ ದಾರಿಯನ್ನು ನೆನೆಯುತ್ತೇನೆ.

ಇದರ ಮರುವರ್ಷದ ಕತೆ ಇನ್ನೂ ವಿಚಿತ್ರ. 1783ರಲ್ಲಿ ಟಿಪ್ಪು ಮಂಗಳೂರಿನ ಮುತ್ತಿಗೆಯಲ್ಲಿದ್ದಾಗ ಶ್ರೀರಂಗಪಟ್ಟಣದಲ್ಲಿ ಒಡೆಯರನ್ನು ಮತ್ತೆ ಪಟ್ಟಕ್ಕೆ ತರುವ ಒಂದು ಸಂಚು ಬಯಲಾಯಿತು. ಅದರಲ್ಲಿ ಸಿಕ್ಕಿಬಿದ್ದವರಲ್ಲಿ ಒಬ್ಬರ ಹೆಸರು ಅಂಚೆ ಶಾಮಯ್ಯ. ಹೈದರನ ಕಾಲದಿಂದ ಅಂಚೆಗೂ ಪೊಲೀಸಿಗೂ ಅವರೇ ಮುಖ್ಯಸ್ಥರು. ನಾಡಿನವರ ಗುಟ್ಟೆಲ್ಲ ಯಾರ ಕೈಗೆ ಬಂದು ಬೀಳುತ್ತಿತ್ತೋ ಅವರೇ ಗುಟ್ಟಿನ ಆರೋಪಕ್ಕೆ ಸಿಕ್ಕಿ ಸೆರೆ ಸೇರಿದರು. ಹೆಸರಿನ ಹಿಂದೆ ಅಂಚೆ ಎಂದು ಅಂಟಿಕೊಂಡ ಬೇರೆ ಯಾರೂ ನಮ್ಮ ಚರಿತ್ರೆಯಲ್ಲಿ ನನಗೆ ಸಿಕ್ಕಿಲ್ಲ.

ಇಂಗ್ಲಿಷರೇನು ಕಡಿಮೆಯವರಲ್ಲ. ನೆಪೋಲಿಯನ್ 1798ರಲ್ಲಿ ಈಜಿಪ್ಟಿಗೆ ಬಂದಿಳಿದ. 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಒಂದು ಪತ್ರ ಬರೆದ. ದೊಡ್ಡ ಸೈನ್ಯದೊಡನೆ ಕೆಂಪು ಸಮುದ್ರದ ದಡದಲ್ಲಿದ್ದೇನೆ, ಇಂಗ್ಲಿಷರಿಂದ ನಿಮ್ಮನ್ನು ಬಿಡಿಸಬೇಕೆಂದಿದ್ದೇನೆ, ನಂಬಿಕೆಯ ಒಬ್ಬನನ್ನು ನನ್ನ ಬಳಿ ಕಳಿಸಿ ಎಂಬುದು ಅದರ ತಾತ್ಪರ್ಯ. ಅರೇಬಿಯಾದ ಕರಾವಳಿಯಲ್ಲಿ ಅದು ಇಂಗ್ಲಿಷರ ಕೈಗೆ ಬಿತ್ತು. ಟಿಪ್ಪು ಅದನ್ನು ನೋಡಲೇ ಇಲ್ಲ. ಆ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಮುಟ್ಟಿದ್ದರೂ ಸಹಾಯ ಬರುತ್ತಿತ್ತೆಂದು ನನಗೆ ತೋರುವುದಿಲ್ಲ. ಆದರೆ ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರು ಓದಿ ಇಟ್ಟುಕೊಂಡ ಮೇಲೆ, ಮುಟ್ಟಿದ್ದರೆ ಏನಾಗುತ್ತಿತ್ತು ಎನ್ನುವ ಪ್ರಶ್ನೆಗೆ ಕೊನೆ ಎಲ್ಲಿ? ಟಿಪ್ಪು ಬರೆಸಿದ ಪತ್ರಗಳ ಗತಿಯೂ ಅದೇ. ಅರಮನೆಯಲ್ಲಿ ಸಿಕ್ಕವನ್ನು ಹೊತ್ತೊಯ್ದರು. ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅವುಗಳಲ್ಲಿ ಆಯ್ದು ಇಂಗ್ಲಿಷಿಗೆ ಮಾಡಿ 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು.

ಸಾಮಾನ್ಯರ ಕಾಗದಕ್ಕೆ ಬೆಲೆ ಬಂದದ್ದು ಆಮೇಲೆ. 1854ರಲ್ಲಿ ಇಡೀ ಇಂಡಿಯಾಕ್ಕೆ ಒಂದೇ ದರದ ಸ್ಟಾಂಪು ಬಂತು. ಕಾಲು ತೊಲ ತೂಕದ ಕಾಗದಕ್ಕೆ ಅರ್ಧಾಣೆ, ಊರು ಹತ್ತಿರವಿರಲಿ, ದೂರವಿರಲಿ. 1879ರಲ್ಲಿ ಕಾಲಾಣೆಯ ಕಾರ್ಡು. 1880ರಲ್ಲಿ ಅಂಚೆಯ ಮೂಲಕ ಮನಿ ಆರ್ಡರ್. ನಮ್ಮ ಸೀಮೆಯಲ್ಲಿ ಒಡೆಯರ ಅಂಚೆಯೂ ಬ್ರಿಟಿಷರ ಪೋಸ್ಟೂ ಜೊತೆಜೊತೆಗೇ ಓಡುತ್ತಿದ್ದವು. 1889ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಅಂಚೆ ಬ್ರಿಟಿಷರ ಅಂಚೆಯೊಳಗೆ ಸೇರಿಹೋಯಿತು. ಇಲಾಖೆ ಹೋಯಿತು, ಹೆಸರು ಮಾತ್ರ ಕನ್ನಡದಲ್ಲಿ ಉಳಿಯಿತು.

ಆಮೇಲೆ ಬಂದದ್ದು 1898ರ ಅಂಚೆ ಕಾಯಿದೆ. ನೂರಿಪ್ಪತ್ತೈದು ವರ್ಷ ಅದೇ ನಡೆಯಿತು. ದೂರು ಕೊಟ್ಟು ಸೋತ ಮೇಲೆ ಅದನ್ನು ಹುಡುಕಿ ಓದಿದೆ. ಒಂದು ಕಲಮು ನನ್ನ ಹಾಗೆ ಕೌಂಟರಿಗೆ ಹೋದವರಿಗೆ ಬಾಗಿಲು ಹಾಕುವಂಥದು: ಕಳೆದರೂ, ತಡವಾದರೂ, ಕೆಟ್ಟರೂ, ತಪ್ಪು ಮನೆಗೆ ಹೋದರೂ ಸರ್ಕಾರ ಹೊಣೆಯಲ್ಲ, ತಾನೇ ಒಪ್ಪಿಕೊಂಡಷ್ಟಕ್ಕೆ ಮಾತ್ರ ಹೊಣೆ. 26ನೆಯ ಕಲಮು ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಕಾರಣಕ್ಕೆ ಪತ್ರಗಳನ್ನು ತಡೆಹಿಡಿಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತಿತ್ತು. ಆದರೆ ಅದೇ ಕಾಯಿದೆಯಲ್ಲಿ ಇನ್ನೂ ಎರಡು ಕಲಮುಗಳಿದ್ದವು. ಅಂಚೆಯ ನೌಕರ ಕದ್ದರೆ, ಬಚ್ಚಿಟ್ಟರೆ, ಎಸೆದರೆ 7 ವರ್ಷದವರೆಗೆ ಸೆರೆ. ಕರ್ತವ್ಯಕ್ಕೆ ವಿರುದ್ಧವಾಗಿ ಒಡೆದರೆ ಅಥವಾ ಬೇಕೆಂದೇ ತಡಮಾಡಿದರೆ 2 ವರ್ಷದವರೆಗೆ. ಅರಸನ ಕಿವಿಯಾಗಿ ಹುಟ್ಟಿದ ಅಂಚೆಯಲ್ಲಿ, ಕಾಗದ ಒಡೆಯುವುದು ಅಪರಾಧ ಎಂದು ನೌಕರನಿಗೇ ಹೇಳುವ ಕಾಲ ಬಂದಿತ್ತಲ್ಲ, ಅದನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ. ಹಾಗೆ ಹೇಳಿದ್ದು ಪರದೇಶದ ಸರ್ಕಾರ ಎನ್ನುವುದು ಬೇರೆ.

ಯುದ್ಧ ಬಂದಾಗ ಆ ಸರ್ಕಾರವೇ ಚೀಲಗಟ್ಟಲೆ ಒಡೆಯಿತು. ಎರಡನೆಯ ಮಹಾಯುದ್ಧದಲ್ಲಿ ನಮ್ಮ ಅಲ್ಲಾಳಸಂದ್ರಕ್ಕೆ ಅಷ್ಟೇನೂ ದೂರವಲ್ಲದ ಜಾಲಹಳ್ಳಿಯಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದರು. ಅವರು ತಮ್ಮ ಹೆಂಡಿರು ಮಕ್ಕಳಿಗೆ ಬರೆದ ಕಾಗದಗಳು ಸೆನ್ಸಾರಿನವರ ಕಣ್ಣು ದಾಟಿಯೇ ಸಮುದ್ರ ದಾಟಬೇಕಿತ್ತು. ಆ ಕಾಲದ ಲಕೋಟೆಗಳನ್ನು ಅಂಚೆಚೀಟಿ ಸಂಗ್ರಹಿಸುವವರ ಬಳಿ ನೋಡಿದ್ದೇನೆ. ಒಂದು ಅಂಚು ಕತ್ತರಿಸಿ, ಪರೀಕ್ಷಕರು ಒಡೆದಿದ್ದಾರೆ ಎಂದು ಅಚ್ಚಾದ ಕಾಗದದ ಪಟ್ಟಿಯನ್ನು ಅದರ ಮೇಲೆ ಅಂಟಿಸಿರುತ್ತಾರೆ. ನೋಡುತ್ತ ನನಗೆ ನಗು ಬಂತು. ಯುದ್ಧಕಾಲದ ಸೆನ್ಸಾರಿನವನಾದರೂ ನಾನು ಒಡೆದೆ ಎಂದು ಹೇಳಿಕೊಂಡ. ನನ್ನ ಲಕೋಟೆಯ ಮೇಲಿದ್ದದ್ದು ಬರೀ ಗಮ್ ಟೇಪು.

ಸ್ವಾತಂತ್ರ್ಯ ಬಂದ ಮೇಲೂ ಅದು ನಿಲ್ಲಲಿಲ್ಲ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಬೆಂಗಳೂರಿನಲ್ಲಿದ್ದ ವಿರೋಧ ಪಕ್ಷದ ಮುಖಂಡರನ್ನು ಹಿಡಿದು ಇಲ್ಲಿನ ಸೆಂಟ್ರಲ್ ಜೈಲಿಗೆ ಹಾಕಿದರು. ಅವರಲ್ಲಿ ಮಧು ದಂಡವತೆ ಒಬ್ಬರು. ಅವರ ಹೆಂಡತಿ ಪ್ರಮೀಳಾ ದಂಡವತೆ ಪುಣೆಯ ಯರವಡಾ ಜೈಲಿನಲ್ಲಿ. ಸುಮಾರು ಒಂದೂವರೆ ವರ್ಷ ಗಂಡ ಹೆಂಡತಿಗೆ ಕಾಗದವೇ ಸಂಸಾರ. ಆ ಕಾಗದಗಳೂ ಸೆನ್ಸಾರಿನ ಕೈ ದಾಟಿಯೇ ಹೋಗಬೇಕಿತ್ತು. ನಡುವೆ ಇನ್ನೊಬ್ಬ ಓದುತ್ತಾನೆ ಎಂದು ಗೊತ್ತಿದ್ದೂ ಹೆಂಡತಿಗೆ ಬರೆಯುವುದು ಹೇಗೆ? ನಾವೂ ಒಂದು ಬಗೆಯಲ್ಲಿ ಆ ವಿದ್ಯೆ ಬಲ್ಲವರೇ ಎನ್ನಿ. ಅತ್ತೆಯ ಮನೆಯಿಂದ ತವರಿಗೆ ಕಾರ್ಡು ಬರೆದವರಿಗೆ, ಮನೆಯವರೆಲ್ಲ ಓದುವ ಕಾರ್ಡಿನಲ್ಲಿ ಅಮ್ಮನಿಗೆ ಮಾತ್ರ ತಿಳಿಯುವ ಹಾಗೆ ಒಂದು ಮಾತು ಸೇರಿಸುವುದು ಚೆನ್ನಾಗಿಯೇ ಗೊತ್ತು.

1986ರಲ್ಲಿ ಅಂಚೆ ತಿದ್ದುಪಡಿ ಮಸೂದೆ ಬಂದು, ಪತ್ರ ತಡೆಯುವ ಅಧಿಕಾರ ಇನ್ನೂ ವಿಸ್ತಾರವಾಗುವುದರಲ್ಲಿತ್ತು. ಎರಡೂ ಸದನಗಳು ಒಪ್ಪಿಯಾಗಿತ್ತು. ರಾಷ್ಟ್ರಪತಿ ಜೈಲ್ ಸಿಂಗ್ ಅದಕ್ಕೆ ಸಹಿಯನ್ನೂ ಹಾಕಲಿಲ್ಲ, ಹಿಂದಕ್ಕೂ ಕಳಿಸಲಿಲ್ಲ, ಸುಮ್ಮನೆ ಇಟ್ಟುಕೊಂಡರು. 2002ರಲ್ಲಿ ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು. ಸಹಿ ಹಾಕದೆ ಇರುವುದಕ್ಕೂ ಒಂದು ಬೆಲೆ ಇದೆ ಎಂದು ಈ ಪ್ರಸಂಗ ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು, ಸ್ವಂತ ಕಾರಣಕ್ಕೆ.

ಈಗ ಹಳೆಯ ಕಾಯಿದೆ ಇಲ್ಲ. 2023ರ ಅಂಚೆ ಕಚೇರಿ ಕಾಯಿದೆ 2024ರ ಜೂನ್ 18ರಿಂದ ಜಾರಿಗೆ ಬಂತು. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ತುರ್ತು ಮುಂತಾದ ಕಾರಣಗಳಿಗೆ ಸರ್ಕಾರ ಗೊತ್ತುಮಾಡಿದ ಅಧಿಕಾರಿ ಪತ್ರವನ್ನು ತಡೆಯಬಹುದು, ಒಡೆಯಬಹುದು. ಹೊಣೆಯ ಮಾತು ಹೆಚ್ಚುಕಡಿಮೆ ಮೊದಲಿನ ಹಾಗೆಯೇ. ಇಲ್ಲದಿರುವುದು ಏನೆಂದರೆ ನಾನು ಹೇಳಿದ ಆ ಎರಡು ಕಲಮುಗಳು. ಅನುಮತಿಯಿಲ್ಲದೆ ಕಾಗದ ಒಡೆದ ನೌಕರನಿಗೆ ಈ ಕಾಯಿದೆಯಲ್ಲಿ ಶಿಕ್ಷೆಯೇ ಇಲ್ಲ. ಕಳ್ಳತನಕ್ಕೆ ಸಾಮಾನ್ಯ ದಂಡಸಂಹಿತೆ ಇದೆ, ಇಲಾಖೆಯ ಶಿಸ್ತುಕ್ರಮ ಇದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ಹಣ ತೆಗೆದುಕೊಂಡರೆ ಕಳ್ಳತನ. ಒಬ್ಬ ಅಣ್ಣ ತಂಗಿಗೆ ಬರೆದ ಹಾಳೆ ಹೋದರೆ ಅದರ ಬೆಲೆಯನ್ನು ಯಾವ ಸ್ಟೇಷನ್ನಿನಲ್ಲಿ ಬರೆಸಲಿ?

ಅಂಚೆಯವರನ್ನೆಲ್ಲ ಬೈಯಲು ನನಗೆ ಮನಸ್ಸಿಲ್ಲ. ಬೆಂಗಳೂರಿನ ಸುತ್ತ ಎಷ್ಟು ಸಂದ್ರಗಳಿವೆ ನೋಡಿ. ಅಲ್ಲಾಳಸಂದ್ರ, ಜಕ್ಕಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ. ಸಮುದ್ರ ಎನ್ನುವುದೇ ಸಂದ್ರವಾದದ್ದು, ಒಂದೊಂದಕ್ಕೂ ಒಂದು ಕೆರೆ. ಅವಸರದ ಅಕ್ಷರದಲ್ಲಿ ಅರ್ಧ ವಿಳಾಸ ಬರೆದ ಕಾಗದಗಳನ್ನೂ ಹುಡುಕಿ ಮನೆಗೆ ತಂದುಕೊಟ್ಟವರು ಅವರೇ. ಇಂಥ ಗೊಂದಲಕ್ಕೆಂದೇ 1972ರ ಆಗಸ್ಟ್ 15ರಿಂದ ಪಿನ್‌ಕೋಡ್ ಬಂತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿಯೂ ಹೌದು ಎಂದು ತಿಳಿದು ಸಂತೋಷವಾಯಿತು. ಕೆಲವು ಸಲ ತಪ್ಪು ನಮ್ಮದೇ. ತೆಳುವಾದ ಲಕೋಟೆಯಲ್ಲಿ ಗಾಜಿನ ಬಳೆ, ಗುಂಡುಪಿನ್ನು, ನಾಣ್ಯ ಇಟ್ಟು ಕಳಿಸುತ್ತೇವೆ, ಮುದ್ರೆಯ ಒಂದು ಪೆಟ್ಟಿಗೆ ಒಳಗಿನಿಂದಲೇ ಹರಿಯುತ್ತದೆ. ಕುಂಕುಮದ ಪೊಟ್ಟಣ ಹಾಗೆ ಒಡೆದಿದ್ದರೆ ನಾನು ಕೇಳಲು ಹೋಗುತ್ತಲೂ ಇರಲಿಲ್ಲ. ಆದರೆ ಉದ್ದಕ್ಕೂ ನೇರವಾಗಿ ಸೀಳಿದ ಅಂಚು ಪೆಟ್ಟಿನಿಂದ ಆಗುವುದಲ್ಲ, ಬ್ಲೇಡಿನಿಂದ ಆಗುವುದು.

ಆ ಹಬ್ಬದ ದಿನ ಬೆಳಿಗ್ಗೆ ಅಣ್ಣನಿಗೆ ಫೋನು ಮಾಡಿದೆ. ಆರು ವರ್ಷದ ಮೇಲೆ ನನ್ನ ದನಿ ಕೇಳಿ ಅವನೂ ಸ್ವಲ್ಪ ಹೊತ್ತು ಸುಮ್ಮನಿದ್ದ. "ಕಣ ಬಂತು ಅಣ್ಣಯ್ಯ, ಕಾಗದ ಬರಲಿಲ್ಲ. ಏನು ಬರೆದಿದ್ದೆ?" ಎಂದೆ. "ಏನಿಲ್ಲ ಕಣೇ, ಸುಮ್ನೆ ಬರೆದಿದ್ದೆ. ಬಿಡು" ಎಂದ. ಅತ್ತಿಗೆಯನ್ನು ಕೇಳಿದೆ. ಎರಡು ಪುಟ ಬರೆದಿದ್ದರು, ನನಗೆ ತೋರಿಸಲಿಲ್ಲ ಎಂದರು. ಆಮೇಲೆ ಹೋಗಿ ಬಂದು ಮಾಡುತ್ತಿದ್ದೇವೆ. ಮಗಳ ಮದುವೆಯಲ್ಲಿ ಅವನೇ ಓಡಾಡಿದ. ಪಾಲಿನ ವಿಷಯವೂ ಹೇಗೋ ಮುಗಿಯಿತು. ಆ ಎರಡು ಪುಟದ ಮಾತನ್ನು ಮಾತ್ರ ಎತ್ತಿದಾಗೆಲ್ಲ ಬೇರೆ ಕಡೆ ತಿರುಗಿಸಿಬಿಡುತ್ತಾನೆ. ಬರೆಯಲು ಬಂದದ್ದು ಹೇಳಲು ಬರುವುದಿಲ್ಲವೋ ಏನೋ.

ಹಳೆಯ ಮನಿ ಆರ್ಡರ್ 2015ರಲ್ಲಿ ನಿಂತಿತು. ರಿಜಿಸ್ಟರ್ಡ್ ಪೋಸ್ಟನ್ನೂ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ಈಗ ಗೌರಿ ಹಬ್ಬದ ಬೆಳಿಗ್ಗೆ ನನ್ನ ಫೋನು ಟಿಂಗ್ ಎನ್ನುತ್ತದೆ, ಅಣ್ಣನ ಹೆಸರಿನಲ್ಲಿ 1001 ರೂಪಾಯಿ. ಅದರ ಜೊತೆಗೆ ಏನಾದರೂ ಬರೆಯಲು ಒಂದು ಚಿಕ್ಕ ಜಾಗ ಇರುತ್ತದಲ್ಲ, ಅಲ್ಲಿ ಅವನು ಏನೂ ಬರೆಯುವುದಿಲ್ಲ. ಆ ಹಸಿರು ಕಣವನ್ನು ನಾನು ಹೊಲಿಸಲಿಲ್ಲ. ಎರಡು ಸಲ ಒಗೆದೆ, ಒಂದು ಮೂಲೆಯಲ್ಲಿ ಕುಂಕುಮದ ಕಲೆ ಹಾಗೆಯೇ ಇದೆ. ಬೀರುವಿನಲ್ಲಿ ಲಕೋಟೆಯ ಜೊತೆಗೇ ಇಟ್ಟಿದ್ದೇನೆ.